ಹಸು ಹಾಲು ಬಿಡುವ ವೇಗ: ತಳಿ ಆಯ್ಕೆಗಾಗಿ ಅಳೆಯುವುದು ಹೇಗೆ?

ನಿಧಾನವಾಗಿ ಹಾಲು ಬಿಡುವ ಒಂದೇ ಹಸು ಕರೆಯುವ ಮನೆಯ ಇಡೀ ಸಾಲನ್ನು ಕಾಯಿಸುತ್ತದೆ. ಈ ವೇಗ ಸಾಕಷ್ಟು ಮಟ್ಟಿಗೆ ವಂಶವಾಹಿ ಗುಣವಾದ್ದರಿಂದ ತಳಿ ಆಯ್ಕೆಯಲ್ಲಿ ಅದನ್ನು ಪರಿಗಣಿಸಬಹುದು. ಅಮೆರಿಕದಲ್ಲಿ 2025ರಿಂದ ಹೋಲ್‌ಸ್ಟೀನ್ ತಳಿಗೆ ಇದರ ಆನುವಂಶಿಕ ಮೌಲ್ಯವನ್ನೂ (ಈ ಗುಣ ಕರುಗಳಿಗೆ ಎಷ್ಟು ದಾಟೀತು ಎಂಬ ಅಂದಾಜು) ಪ್ರಕಟಿಸಲಾಗುತ್ತಿದೆ. ಆದರೆ ಅಳೆದದ್ದು ಹಸುವಿನ ಗುಣವೋ, ಯಂತ್ರದ್ದೋ, ಕರೆಯುವವರ ಕೈಗುಣವೋ ಎಂಬುದು ಮೊದಲು ಇತ್ಯರ್ಥವಾಗಬೇಕು.

ಆದ್ದರಿಂದ ಅಳತೆಯ ದಿನಗಳಲ್ಲಿ ಯಂತ್ರದ ವ್ಯಾಕ್ಯೂಮ್ (ಹಾಲು ಎಳೆಯುವ ನಿರ್ವಾತದ ಒತ್ತಡ), ಪಲ್ಸೇಟರ್ (ಆ ಎಳೆತಕ್ಕೆ ಲಯ ಕೊಡುವ ಭಾಗ) ಮತ್ತು ಲೈನರ್‌ಗಳನ್ನು (ತೊಟ್ಟನ್ನು ಹಿಡಿಯುವ ರಬ್ಬರ್ ಕೊಳವೆಗಳು) ಬದಲಿಸಬೇಡಿ. ಮೊಲೆತೊಟ್ಟುಗಳನ್ನು ಒರೆಸಿ, ಮೊದಲ ಕೆಲವು ಧಾರೆಗಳನ್ನು ಕೈಯಿಂದ ತೆಗೆದು, ಮೊದಲ ಸ್ಪರ್ಶದಿಂದ 60ರಿಂದ 90 ಸೆಕೆಂಡುಗಳೊಳಗೆ ಯಂತ್ರದ ಕಪ್ಪುಗಳನ್ನು (ಹಾಲು ಹೀರುವ ಬಟ್ಟಲುಗಳನ್ನು) ತೊಟ್ಟುಗಳಿಗೆ ತೊಡಿಸಿ. ಆಕ್ಸಿಟೋಸಿನ್ ಹಾರ್ಮೋನು ಕೆಲಸ ಮಾಡಿ ಹಾಲು ಇಳಿಯಲು ಅಷ್ಟು ಹೊತ್ತು ಬೇಕು. ಆತುರಪಟ್ಟರೆ ಕೆಚ್ಚಲಿನ ಕೆಳಭಾಗದಲ್ಲಿ ಸೇರಿದ್ದ ಹಾಲು ಮಾತ್ರ ಮೊದಲು ಬಂದು, ಪಾರದರ್ಶಕ ಕೊಳವೆಯಲ್ಲಿ ಧಾರೆ ಸಣ್ಣಗಾಗಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ದಪ್ಪಗಾಗುತ್ತದೆ. ಅಂಥ ಕರಾವಿನ ಲೆಕ್ಕವನ್ನು ಹಸುವಿನ ತಲೆಗೆ ಕಟ್ಟುವುದು ಅನ್ಯಾಯ.

ಹರಿವು ಅಳೆಯುವ ಮೀಟರ್ ಇಲ್ಲದಿದ್ದರೆ ತಕ್ಕಡಿ ಮತ್ತು ಗಡಿಯಾರ ಸಾಕು. ಕಪ್ಪು ತೊಡಿಸಿದ ಕ್ಷಣದಿಂದ ಧಾರೆ ತೊಟ್ಟಿಕ್ಕುವ ಹಂತಕ್ಕೆ ಬರುವವರೆಗಿನ ಸಮಯವನ್ನು ಬರೆದುಕೊಂಡು, ಹಾಲಿನ ತೂಕವನ್ನು ಅದರಿಂದ ಭಾಗಿಸಿ. 12 ಕಿಲೋ ಹಾಲು 6 ನಿಮಿಷದಲ್ಲಿ ಬಂದರೆ ವೇಗ ನಿಮಿಷಕ್ಕೆ 2 ಕಿಲೋ. ಹಾಲು ಮುಗಿದ ಮೇಲೂ ಯಂತ್ರವನ್ನು 2 ನಿಮಿಷ ಹಾಗೆಯೇ ಬಿಟ್ಟರೆ ಅದೇ ಹಸುವಿನ ವೇಗ 1.5 ಕಿಲೋಗೆ ಇಳಿದಂತೆ ಕಾಣುತ್ತದೆ. ರೋಬಾಟ್ ಯಂತ್ರಗಳಲ್ಲಿಯೂ ಹಸು ಒಳಗೆ ನಿಂತ ಒಟ್ಟು ಸಮಯವನ್ನು ಹಾಲು ಹರಿದ ಸಮಯವೆಂದು ಎಣಿಸಬಾರದು.

ಒಂದೇ ಹೊತ್ತಿನ ಅಳತೆಯನ್ನು ನೆಚ್ಚಿಕೊಳ್ಳದೆ, ಹಲವು ದಿನ ಬೆಳಿಗ್ಗೆ ಮತ್ತು ಸಂಜೆ ಅಳೆಯಿರಿ. ಕೆಚ್ಚಲು ಹೆಚ್ಚು ತುಂಬಿದ್ದಾಗ ಹರಿವೂ ಸಾಮಾನ್ಯವಾಗಿ ಹೆಚ್ಚುವುದರಿಂದ, ಎಷ್ಟನೆಯ ಸೂಲು, ಕರು ಹಾಕಿ ಎಷ್ಟು ದಿನವಾಯಿತು, ಹಿಂದಿನ ಕರಾವಿನಿಂದ ಎಷ್ಟು ಗಂಟೆ ಕಳೆಯಿತು ಎಂಬುದನ್ನು ಪಕ್ಕದಲ್ಲಿ ನಮೂದಿಸಿ. ಕೆಚ್ಚಲು ಬಾವು ಬಂದ ದಿನಗಳ ಅಂಕಿಗಳನ್ನು ಕೈಬಿಡಿ. ಅಳತೆಗೆ ಬಿಡುವಿಲ್ಲದಿದ್ದರೆ ಮೊದಲ ಸೂಲಿನ ಹಸುಗಳಿಗೆ ವೇಗದ ಕಣ್ಣಂದಾಜಿನ ಮೇಲೆ 1ರಿಂದ 5ರವರೆಗೆ ಅಂಕ ಕೊಡಬಹುದು. ಆದರೆ ಅಂಕ ಕೊಡುವವರು ಒಬ್ಬರೇ ಆಗಿರಲಿ.

ಹೋರಿಯ ಮೌಲ್ಯವನ್ನು ಮುಖ್ಯವಾಗಿ ಅದರ ಹೆಣ್ಣುಮಕ್ಕಳ ದಾಖಲೆಗಳಿಂದ ಕಟ್ಟಬೇಕಾದ್ದರಿಂದ, ಪ್ರತಿ ಮಗಳನ್ನೂ ಅದೇ ಕೊಟ್ಟಿಗೆಯ, ಅದೇ ಕಾಲದ ಹಸುಗಳೊಡನೆ ಹೋಲಿಸಬೇಕು. ಅತಿ ವೇಗದ ಹಸುವನ್ನೇ ಆರಿಸುವ ಆಸೆಗೆ ನನ್ನ ಸಹಮತವಿಲ್ಲ: ತೊಟ್ಟಿನ ರಂಧ್ರ ಸಡಿಲವಾದಷ್ಟು ರೋಗಾಣುಗಳಿಗೂ ದಾರಿ ಸಲೀಸು. ವೇಗದ ಅಂಕಣದ ಪಕ್ಕದಲ್ಲಿ ಹಾಲಿನ ಜೀವಕೋಶಗಳ ಎಣಿಕೆಗೆ (ಅದು ಏರಿದರೆ ಕೆಚ್ಚಲು ಬಾವಿನ ಸೂಚನೆ) ಒಂದು ಅಂಕಣವಿರಲಿ, ಕರೆಯುವ ಮೊದಲೇ ಮಲಗಿದ್ದಲ್ಲಿ ಹಾಲು ಸೋರಿಸಿಕೊಂಡ ಹಸುಗಳ ಗುರುತಿಗೆ ಇನ್ನೊಂದು.