ಆತಂಕದ ಗುಳಿಗೆ ತಗೊಂಡು ಹಗಲೆಲ್ಲ ತೂಕಡಿಕೆ ಬರ್ತಿದ್ರೆ ಏನು ಮಾಡಬೇಕು

ಗುಳಿಗೆ ಶುರುವಾಗಿ ಇನ್ನೂ ವಾರ ಆಗಿರಲ್ಲ. ಮಧ್ಯಾಹ್ನ ರೊಟ್ಟಿ ಉಂಡು ಕೂತರೆ ಸಾಕು, ಕಣ್ಣು ತಾನಾಗೇ ಮುಚ್ಚುತ್ತದೆ. ಮನೆಯಲ್ಲಿ ಯಾರಾದರೂ "ಅದು ಚಟ ಹತ್ತತೈತಿ, ಬಿಟ್ಟಬಿಡು" ಅಂದೇ ಅನ್ನುತ್ತಾರೆ. ಹಂಗೆ ಬಿಡಬೇಡಿ. ಮೊದಲು ನಿಮ್ಮದು ಯಾವ ಗುಳಿಗೆ ನೋಡಿ.

ಗುಳಿಗೆ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಔಷಧಿಯ ಹೆಸರಿರುತ್ತದೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಅಂತಿದ್ದರೆ ಅದು ದಿನಾ ತಗೊಳ್ಳುವಂಥದ್ದು. ಕೆಲವರಿಗೆ ನಿದ್ದೆ ತರುತ್ತದೆ, ಕೆಲವರಿಗೆ ಇದ್ದ ನಿದ್ದೆಯನ್ನೂ ಕೆಡಿಸುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮೈಗೆ ಹೊಂದುತ್ತದೆ. ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್ ಬೇರೆ ಜಾತಿ. ಅವು ಮಿದುಳಿನ ಓಟವನ್ನೇ ನಿಧಾನ ಮಾಡುತ್ತವೆ. ಅದರಲ್ಲೂ ಕ್ಲೋನಾಜೆಪಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 30ರಿಂದ 40 ಗಂಟೆ ಬೇಕು, ಅಂದರೆ ನಿನ್ನೆ ರಾತ್ರಿಯದು ಪೂರ್ತಿ ಹೋಗೋ ಮೊದಲೇ ಇವತ್ತಿನದು ಒಳಗೆ ಹೋಗುತ್ತದೆ, ಮತ್ತೆ ಬೆಳಿಗ್ಗೆ ತಲೆ ಭಾರ ಆಗದೆ ಇನ್ನೇನು? ಈ ಎರಡೂ ಜಾತಿಯ ಔಷಧಿ ಸೇರಿಸಿದ ಗುಳಿಗೆಗಳೂ ಇವೆ. ಕಂಪನಿಯವರು ಇಟ್ಟ ಹೆಸರು ಬೇರೆ ಬೇರೆ ಇರೋದರಿಂದ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗೋದೂ ಉಂಟು.

ಇನ್ನು ಏನೇನು ತಗೊಳ್ತಿದ್ದೀರಿ ಅಂತ ನೆನಪಿಸಿಕೊಳ್ಳಿ. ನೆಗಡಿಗೆ, ತುರಿಕೆಗೆ ಅಂತ ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತಂದ ಸೆಟಿರಿಜಿನ್ ಕೂಡ ಮಂಪರು ಹೆಚ್ಚಿಸುತ್ತದೆ. ಕುಡಿತ ಅಂತೂ ಪೂರ್ತಿ ಬಂದ್. ಕ್ಲೋನಾಜೆಪಾಮ್ ಜೊತೆ ಸಾರಾಯಿ ಸೇರಿದರೆ ಉಸಿರೇ ನಿಧಾನ ಆಗಬಹುದು. ಡಾಕ್ಟರ್ ಮುಂದೆ ಇದನ್ನು ಮುಚ್ಚಿಡಬೇಡಿ, ಅವರು ನಿಮ್ಮ ಬೀಗರಲ್ಲ.

ನಿದ್ದೆ ತಡೆಯೋಕೆ ಚಹಾದ ಮೇಲೆ ಚಹಾ ಕುಡಿದರೆ ಎದೆ ಢವಢವ ಜಾಸ್ತಿಯಾಗಿ ಆತಂಕವೇ ವಾಪಸ್ ಬರುತ್ತದೆ. ಅದಕ್ಕಿಂತ ಗುಳಿಗೆಯ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಬೆಳಗಿನದು ರಾತ್ರಿಗೆ ಹೋದರೆ ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಗುಳಿಗೆ ಎಷ್ಟಕ್ಕೆ ತಗೊಂಡೆ, ತೂಕಡಿಕೆ ಎಷ್ಟಕ್ಕೆ ಶುರುವಾಯ್ತು ಅಂತ ಬರೆದಿಟ್ಟುಕೊಂಡು ಹೋಗಿ. ಬರೀ "ಸುಸ್ತು" ಅಂದರೆ ಅವರಿಗೇನೂ ತಿಳಿಯೋದಿಲ್ಲ.

ಶುರುವಿನ ದಿನಗಳಲ್ಲಿ ಮತ್ತು ಡೋಸ್ ಹೆಚ್ಚಿಸಿದಾಗ ಬೈಕು, ಟ್ರ್ಯಾಕ್ಟರ್ ಮುಟ್ಟಬೇಡಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ರಾತ್ರಿ ರಸ್ತೆ ನೋಡಿದ್ದೀರಲ್ವಾ, ಹಿಂದೆ ಲೈಟಿಲ್ಲದ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗ್ತಿರ್ತಾರೆ, ಪೂರ್ತಿ ಎಚ್ಚರ ಇದ್ದವರಿಗೇ ಕಾಣೋದಿಲ್ಲ. ಬನಹಟ್ಟಿಯಲ್ಲಿ ಮಗ್ಗದ ಮುಂದೆ ನಿಲ್ಲುವವರೂ ಮಾಲೀಕರಿಗೆ ಹೇಳಿ ಬೇರೆ ಕೆಲಸ ಕೇಳಿ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ಬೀಳೋದು ಹೆಚ್ಚು. ಒಂದು ಸಣ್ಣ ದೀಪ ಹಚ್ಚಿಡಿ.

ಬಹಳ ದಿನದಿಂದ ತಗೊಳ್ತಿರುವ ಕ್ಲೋನಾಜೆಪಾಮ್ ಅಥವಾ ಆಲ್ಪ್ರಜೋಲಾಮನ್ನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ, ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆದರೆ ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ತೀರಾ ನಿಧಾನ, ತುಟಿ ನೀಲಿಯಾಗಿದೆ ಅಂದರೆ ಯಾರನ್ನೂ ಕೇಳುತ್ತ ಕೂರಬೇಡಿ, ನೇರ 108ಕ್ಕೆ ಫೋನ್ ಮಾಡಿ, ಗುಳಿಗೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.