ಪಾಯ್ನ್ಯಂಟ್: ಕರುಳು ಚುರ್ ಅನ್ನಿಸುವ ಪದವನ್ನು ಮರೆಯದ ಹಾಗೆ ಕಲಿಯೋದು

ಇಂಗ್ಲಿಷಿನ poignant ಪದ ಮೊದಲು ಬಾಯಿಗೆ ಬರಬೇಕು. ಪಾಯ್ನ್-ಯಂಟ್. ಸ್ಪೆಲಿಂಗಿನಲ್ಲಿ ಒಂದು ‘ಜಿ’ ಇದೆ, ಅದು ಬಾಯೇ ಬಿಡಲ್ಲ. ನಾನು ಮಡಿಕೇರಿಯಲ್ಲಿ ಓದುವಾಗ ಕ್ಲಾಸಿನಲ್ಲಿ ಎದ್ದು ನಿಂತು ‘ಪಾಯಿಗ್ನಂಟ್’ ಅಂತ ಓದಿದ್ದೆ, ಹಿಂದಿನ ಬೆಂಚಿನ ನಗು ಇನ್ನೂ ಕಿವಿಯಲ್ಲಿದೆ.

ಡಿಕ್ಷನರಿ ತೆಗೆದರೆ ‘ಮನಕಲಕುವ’ ಅಂತ ಸಿಗುತ್ತದೆ. ತಪ್ಪಲ್ಲ, ಆದರೆ ನೆನಪಲ್ಲಿ ನಿಲ್ಲಲ್ಲ. ಅದರ ಬದಲು ಬೇರು ಹಿಡಿಯಿರಿ. ಲ್ಯಾಟಿನ್‌ನಲ್ಲಿ ಪುಂಗೆರೆ ಅಂದರೆ ಚುಚ್ಚುವುದು, ಅಲ್ಲಿಂದ ಫ್ರೆಂಚ್ ದಾಟಿ ಈ ಪದ ಇಂಗ್ಲಿಷಿಗೆ ಬಂತು. ಟೈರ್ ಪಂಕ್ಚರ್ ಆಗುತ್ತಲ್ಲ, ಅದೂ ಇದೇ ಮನೆತನ. ಘಾಟಿಗೆ ಹೇಳುವ ಪಂಜೆಂಟ್ ಕೂಡ. ತೋಟದ ಕರಿಮೆಣಸು ಕುಟ್ಟುವಾಗ ಮೂಗಿಗೆ ಚುರುಕ್ ಅಂದರೆ ಪಂಜೆಂಟ್, ಅದೇ ಚುರುಕ್ ಎದೆಯೊಳಗೆ ಆದರೆ ಪಾಯ್ನ್ಯಂಟ್. ನಾವು ‘ಕರುಳು ಚುರ್ ಅಂತು’ ಅನ್ನೋದು ಇದಕ್ಕೆ ತುಂಬ ಹತ್ತಿರ. ಆದರೆ ಚುಚ್ಚುಮಾತಿಗೆ ಇದನ್ನು ಬಳಸಬೇಡಿ, ಆ ಚುಚ್ಚೇ ಬೇರೆ.

ಈಗ ಪದವನ್ನು ನಿಮ್ಮದೇ ಒಂದು ನೆನಪಿಗೆ ಗಂಟು ಹಾಕಿ. ನನ್ನದು ಹೇಳುತ್ತೇನೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಗೆಳೆಯನ ಐನ್‌ಮನೆಗೆ, ಅಂದರೆ ಅವರ ಮನೆತನದ ಮೂಲಮನೆಗೆ ಹೋಗಿದ್ದೆ. ಬೆಂಗಳೂರು, ಮೈಸೂರಿನಿಂದೆಲ್ಲ ಬಂದವರು ಕದಿರು ತೆಗೆಯಲು ಗದ್ದೆಗೆ ಹೋದರು, ಮಂಡಿನೋವಿನ ಅಜ್ಜ ಮಾತ್ರ ಜಗಲಿಯಲ್ಲೇ ಕುರ್ಚಿ ಹಾಕಿಕೊಂಡು ಉಳಿದರು. ಕತ್ತಲಲ್ಲಿ ಗದ್ದೆ ಕಡೆಯಿಂದ ‘ಪೊಲಿ ಪೊಲಿ ದೇವಾ’ (ಬೆಳೆ ಹೆಚ್ಚಲಿ ದೇವಾ) ಅನ್ನೋ ಕೂಗು ಕೇಳಿಸಿತು. ಅಜ್ಜ ಕೂತಲ್ಲೇ, ಯಾರಿಗೂ ಕೇಳದಷ್ಟು ಮೆಲ್ಲಗೆ, ‘ಪೊಲಿ ಪೊಲಿ’ ಅಂದರು. ಹಬ್ಬದ ಖುಷಿಯೂ ಇತ್ತು, ಒಳಗೊಂದು ಮುಳ್ಳೂ ಇತ್ತು. ಎರಡೂ ಇದ್ದರೇನೇ ಈ ಪದಕ್ಕೆ ರುಚಿ. ಬರೀ ದುಃಖ ಆದರೆ ‘ಸ್ಯಾಡ್’ ಸಾಕು ಅಲ್ವಾ?

ಇದರ ಜೊತೆ ಬರುವ ಜೋಡಿ ಪದಗಳು: ಮೊಮೆಂಟ್, ಮೆಮೊರಿ, ಸ್ಟೋರಿ, ರಿಮೈಂಡರ್. ‘ಐ ಆ್ಯಮ್ ಪಾಯ್ನ್ಯಂಟ್’ ಅಂತ ಮಾತ್ರ ಹೇಳಬೇಡಿ, ನಿಮಗೆ ಹಾಗನ್ನಿಸಿದರೆ ‘ಐ ವಾಸ್ ಮೂವ್ಡ್’. ಜಾಸ್ತಿಯೂ ಬಳಸಬೇಡಿ, ಇದು ಕೊಡಗಿನ ಅಡುಗೆಯ ಕಡು ಹುಳಿ, ಕಾಚಂಪುಳಿ ಇದ್ದ ಹಾಗೆ. ಮಡಿಕೇರಿಯ ರಾಜಾಸೀಟಿನ ಪ್ರತಿ ಸೂರ್ಯಾಸ್ತದ ಫೋಟೋಗೂ ಸುಮ್ನೆ ಹಾಕಿದರೆ ಓದುವವರಿಗೆ ಹಲ್ಲು ಚುಳ್ ಅನ್ನುತ್ತದೆ.

ಅಭ್ಯಾಸಕ್ಕೆ ಮಡಿಕೇರಿಯ ಸನ್ನಿ ಸೈಡ್‌ಗೆ ಹೋಗಿ ಬನ್ನಿ. ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ ಅವರ ಮನೆ, 2021ರಿಂದ ಮ್ಯೂಸಿಯಂ. 1906ರಲ್ಲಿ ಇದೇ ಊರಲ್ಲಿ ಹುಟ್ಟಿದವರು 1965ರಲ್ಲಿ ತೀರಿಕೊಂಡಿದ್ದು ದೂರದ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆ ನೋಡಿಕೊಳ್ಳುತ್ತಿದ್ದಾಗ. ಆ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಬರೆಯಿರಿ, ‘ಎ ಪಾಯ್ನ್ಯಂಟ್ ರಿಮೈಂಡರ್’ ಅಂತ ಶುರು ಮಾಡಿ. ‘ಸ್ಯಾಡ್’ ಅನ್ನೋ ಪದ ಅದರಲ್ಲಿ ಬರಬಾರದು.