ಗೆರಿಟ್‌ನಲ್ಲಿ ಡಿಫ್ ಟೈಮ್‌ಔಟ್: ನನ್ನ ಅನುಭವ

ಕಲಬುರಗಿಯ ಮನೆಯಿಂದಲೇ ನಾವು ನಾಲ್ವರು ತೊಗರಿ ಧಾರಣೆಯ ಆ್ಯಪ್ ಬರೆಯುತ್ತಿದ್ದೇವೆ. ಕೋಡ್ ರಿವ್ಯೂ, ಅಂದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪುವುದು, ಗೆರಿಟ್ ಎಂಬ ತಂತ್ರಾಂಶದಲ್ಲಿ. ಹಳೆಯ-ಹೊಸ ಫೈಲಿನ ವ್ಯತ್ಯಾಸವನ್ನು (ಡಿಫ್) ಅದು ಕೆಂಪು-ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಕಳೆದ ವಾರ ಒಂದು ಫೈಲ್ ಮಾತ್ರ ವಿಚಿತ್ರವಾಗಿ ಕಾಣಿಸಿತು: ಬದಲಾಗಿದ್ದು ಹತ್ತಾರು ಸಾಲು, ಕೆಂಪು-ಹಸಿರಾಗಿದ್ದು ಸಾವಿರಾರು. ಏನು ಬದಲಾಯ್ತು ಅಂತ ತಿಳಿಯದೆ ಒಪ್ಪಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಮೊದಲು ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದೆ ಇರುವ ಅಕ್ಷರಗಳ ಮೇಲೆ ಅನುಮಾನಪಟ್ಟೆ. ಅದಲ್ಲ. ಸರ್ವರ್ ಲಾಗ್ (ನಡೆದದ್ದರ ದಾಖಲೆ) ತೆಗೆದಾಗ ಡಿಫ್ ಲೋಡರ್ ಟೈಮ್‌ಔಟ್ ಆದ, ಅಂದರೆ ವ್ಯತ್ಯಾಸ ಹುಡುಕುವ ಭಾಗಕ್ಕೆ ಕೊಟ್ಟ ಸಮಯ ಮೀರಿದ, ಸಾಲು ಸಿಕ್ಕಿತು. ಎರಡು ಫೈಲ್ ಹೋಲಿಸಲು ಗೆರಿಟ್ ಕೊಡುವ ಸಮಯ, ನಾವು ಬದಲಿಸದಿದ್ದರೆ, 5 ಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಸರಳ ವಿಧಾನಕ್ಕೆ ಇಳಿಯುತ್ತದೆ. ಅದು ದೊಡ್ಡ ಭಾಗವನ್ನು ಚಿಕ್ಕ ಚಿಕ್ಕ ತುಂಡಾಗಿ ಬಿಡಿಸಲಾರದು. ಆ ಒರಟು ಫಲಿತಾಂಶವೇ ನಮ್ಮ ಆವೃತ್ತಿಯಲ್ಲಿ ಕ್ಯಾಶ್‌ಗೆ, ಅಂದರೆ ಮತ್ತೆ ಬಳಸಲು ಫಲಿತಾಂಶ ಉಳಿಸಿಡುವ ಜಾಗಕ್ಕೆ, ಹೋಗಿ ಕೂತಿತ್ತು. ಪುಟ ಎಷ್ಟು ಸಲ ರಿಫ್ರೆಶ್ ಮಾಡಿದರೂ ಅದೇ ಬರುತ್ತಿದ್ದದ್ದು ಇದಕ್ಕೇ!

ಗೆರಿಟ್ ಕಾನ್ಫಿಗ್ (ಸೆಟ್ಟಿಂಗ್) ಫೈಲಿನ ಡಿಫ್ ಕ್ಯಾಶ್ ಭಾಗದಲ್ಲಿ ಟೈಮ್‌ಔಟ್ ಅನ್ನು 15 ಸೆಕೆಂಡ್ ಮಾಡಿ, ಸರ್ವರ್ ರೀಸ್ಟಾರ್ಟ್ ಮಾಡಿದೆ. ಏನೂ ಬದಲಾಗಲಿಲ್ಲ. ಡಿಸ್ಕಿನಲ್ಲಿ ಉಳಿದಿದ್ದ ಹಳೆಯ ಕ್ಯಾಶ್ ಮತ್ತೆ ಎದ್ದು ಬಂದಿತ್ತು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಆಜ್ಞೆ ಕೊಡುವ ಸುರಕ್ಷಿತ ದಾರಿ) ಮೂಲಕ ಫ್ಲಶ್-ಕ್ಯಾಶಸ್ ಆಜ್ಞೆ ಕೊಟ್ಟು ಡಿಫ್ ಕ್ಯಾಶ್ ಒಂದನ್ನೇ ಖಾಲಿ ಮಾಡಿದ ಮೇಲೆ ಬದಲಾದ ಸಾಲುಗಳು ಸ್ಪಷ್ಟವಾಗಿ ಬಂದವು.

ಸಾಲಿನೊಳಗಿನ ಅಕ್ಷರ ಬದಲಾವಣೆ ತೋರಿಸುವ ಇಂಟ್ರಾಲೈನ್ ಕ್ಯಾಶ್‌ಗೆ ಬೇರೆಯೇ ಟೈಮ್‌ಔಟ್ ಇದೆ, ಅದೂ 5 ಸೆಕೆಂಡ್. ಅದನ್ನು ಮುಟ್ಟಿಲ್ಲ. ಟೈಮ್‌ಔಟ್ ಇನ್ನೂ ಏರಿಸುವುದು ನನಗೆ ಸರಿ ಕಾಣಲಿಲ್ಲ, ಹೋಲಿಕೆ ಸಿಕ್ಕಿಹಾಕಿಕೊಂಡರೆ ಅಷ್ಟು ಹೊತ್ತು ಸರ್ವರ್‌ನ ಒಂದು ಥ್ರೆಡ್ (ಕೆಲಸದ ಎಳೆ) ಸುಮ್ಮನೆ ಸವೆಯುತ್ತದೆ. ಆ ಫೈಲನ್ನು ಒಂದು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ತಾನೇ ಹುಟ್ಟಿಸುತ್ತದೆ. ಹೋಲಿಕೆ ಬೇಗ ಮುಗಿಯಲೆಂದು ಈಗ ಅದನ್ನು ತಾಲ್ಲೂಕಿಗೊಂದರಂತೆ ಒಡೆಯುತ್ತಿದ್ದೇವೆ. ಚಿತ್ತಾಪುರ, ಆಳಂದ ಮುಗಿದಿವೆ, ಸೇಡಂ ಬಾಕಿ.